ಕೇಳಿದಾಗ ಮಾತ್ರ ಹೇಳುವ ಬಿಟ್

‘ಸಾರ್, ಡಿವೈಸ್ ಸುಳ್ಳು ಹೇಳ್ತಿದೆ.’ ವರ್ಷಕ್ಕೆ ಹತ್ತು ಸಲವಾದರೂ ಈ ಫೋನು ಬರುತ್ತದೆ. ಕಾರ್ಖಾನೆಯ ಲೈನು ಟ್ರಿಪ್ ಆಗಿ, ಅಂದರೆ ತಾನಾಗಿ ಕಡಿದುಕೊಂಡು, ನಿಂತಿದೆ; ಯಂತ್ರಗಳ ಮೇಲೆ ದೂರದಿಂದ ಕಣ್ಣಿಡುವ ಸ್ಕಾಡಾ ಕಂಪ್ಯೂಟರಿನ ಪರದೆಯಲ್ಲಿ ಟ್ರಿಪ್ ಬಿಟ್ (ಟ್ರಿಪ್ ಆದರೆ 1, ಇಲ್ಲವಾದರೆ 0) ಮಾತ್ರ 1 ಆದದ್ದೇ ಇಲ್ಲ. ಕೇಬಲ್ ಬದಲಿಸಿದ್ದಾಗಿದೆ, ಅರ್ತಿಂಗ್ ನೋಡಿದ್ದಾಗಿದೆ, ಈಗ ಡಿವೈಸನ್ನೇ ಬದಲಿಸಬೇಕಂತೆ.

ಡಿವೈಸ್ ಪಾಪ, ಕೇಳಿದಾಗಲೆಲ್ಲ ನಿಜವನ್ನೇ ಹೇಳಿದೆ. ಟ್ರಿಪ್ ಆದ ಗಳಿಗೆಯಲ್ಲಿ ಅದನ್ನು ಯಾರೂ ಕೇಳಲಿಲ್ಲ, ಅಷ್ಟೆ.

ಸೆನ್ಸರ್ ಪಕ್ಕದಲ್ಲಿ ಕೂತ ಡಿವೈಸ್ ತನ್ನ ಲಾಜಿಕ್ಕನ್ನು ಕೆಲವೇ ಮಿಲಿಸೆಕೆಂಡಿಗೊಮ್ಮೆ ಓಡಿಸುತ್ತದೆ. ಫಲಿತಾಂಶವನ್ನು ಒಂದು ಬಿಟ್‌ನಲ್ಲಿಟ್ಟು, ಮುಂದಿನ ಸುತ್ತಿನಲ್ಲಿ ಅದರ ಮೇಲೆಯೇ ಹೊಸದನ್ನು ಬರೆಯುತ್ತದೆ. ಡಿವೈಸೂ ಸ್ಕಾಡಾವೂ ಮಾತಾಡುವ ಭಾಷೆ ಮಾಡ್‌ಬಸ್, 1979ರಲ್ಲಿ ಬಂದದ್ದು. ಅದರಲ್ಲಿ ಸ್ಲೇವ್, ಅಂದರೆ ಡಿವೈಸ್, ತಾನಾಗಿ ಬಾಯಿ ಬಿಡುವಂತಿಲ್ಲ; ಮಾಸ್ಟರ್, ಅಂದರೆ ಸ್ಕಾಡಾ ಕಡೆಯದು, ಕೇಳಬೇಕು. ತಂತಿಯ ಮೇಲೆ ಮಾತು ಸಾಗುವ ವೇಗ 9600 ಬಾಡ್ ಆಗಿದ್ದು, 20 ಡಿವೈಸ್ ಇದ್ದರೆ ಎಲ್ಲರನ್ನೂ ಒಂದು ಸುತ್ತು ಕೇಳಿ ಬರಲು ಅರ್ಧ ಸೆಕೆಂಡು ಸಲೀಸಾಗಿ ಹೋಗುತ್ತದೆ. ನಿಮ್ಮ ಬಿಟ್ 80 ಮಿಲಿಸೆಕೆಂಡು 1 ಆಗಿದ್ದು ಮತ್ತೆ 0 ಆಯಿತು ಅನ್ನಿ. 500ರಲ್ಲಿ 80. ಆರು ಟ್ರಿಪ್‌ಗೆ ಒಂದು ಕಣ್ಣಿಗೆ ಬಿದ್ದರೆ ಪುಣ್ಯ. ಇಷ್ಟನ್ನೂ ಬೋರ್ಡಿನ ಮೇಲೆ ಬರೆದು ತೋರಿಸಿದರೂ ‘ಹಾಗಾದ್ರೆ ಬಾಡ್ ರೇಟ್ ಏರಿಸೋಣ’ ಅನ್ನುತ್ತಾರೆ. ಏರಿಸಿ. ಆರಕ್ಕೆ ಒಂದಿದ್ದದ್ದು ಮೂರಕ್ಕೆ ಒಂದಾದೀತು. ಉಳಿದೆರಡು ಎಲ್ಲಿ ಹೋದವು?

ಒಂದು ಕಡೆ ರಾತ್ರಿ ಪಾಳಿಯ ಆಪರೇಟರ್ ಕನ್ವೇಯರನ್ನು ಬೇಕೆಂದೇ ನಿಲ್ಲಿಸುತ್ತಾನೆಂಬ ದೂರಿತ್ತು. ಪೆಟ್ಟಿಗೆಯಿಂದ ಜೋತುಬಿದ್ದ ಟೇಪಿನ ತುದಿ ಅಲುಗಾಡಿ ಜ್ಯಾಮ್ ಸೆನ್ಸರ್‌ಗೆ ಒಂದು ಕ್ಷಣ ಅಡ್ಡ ಬರುತ್ತಿತ್ತು. ಟೇಪು ಸರಿದೊಡನೆ ಟ್ರಿಪ್ ಬಿಟ್ 0. ಮೋಟಾರು ಮಾತ್ರ ಯಾರಾದರೂ ಸ್ಟಾರ್ಟ್ ಒತ್ತುವವರೆಗೂ ನಿಂತೇ ಇರುತ್ತಿತ್ತು. ಆತ ಜೇಬಿನ ಪುಸ್ತಕದಲ್ಲಿ ಪ್ರತಿ ನಿಲುಗಡೆಯ ಹೊತ್ತನ್ನೂ ಗೀಚಿಟ್ಟಿದ್ದ: ಆ ರಾತ್ರಿ 14. ಪರದೆಯ ದಾಖಲೆಯಲ್ಲಿದ್ದದ್ದು 2. ಡಿವೈಸ್ ಒಳಗಿನ ಲಾಜಿಕ್‌ನಲ್ಲೇ ಒಂದು ಕೌಂಟರ್ ಸೇರಿಸಿದೆವು. ಮರುರಾತ್ರಿ ಪುಸ್ತಕ 9 ಅಂದಿತು, ಕೌಂಟರೂ 9 ಅಂದಿತು. ಮ್ಯಾನೇಜರ್ ಎರಡನ್ನೂ ಎರಡೆರಡು ಸಲ ನೋಡಿದರು. ಆತ ಏನೂ ಹೇಳದೆ ಪುಸ್ತಕವನ್ನು ಜೇಬಿಗಿಳಿಸಿಕೊಂಡ.

ಲ್ಯಾಚ್, ಅಂದರೆ ಒಮ್ಮೆ 1 ಆದರೆ ಅಳಿಸುವವರೆಗೂ 1 ಆಗಿಯೇ ಇರುವ ಬಿಟ್, ಸಾಲದೆ ಎಂದು ಕೇಳುತ್ತಾರೆ. ಬಹಳ ಕಡೆ ಸಾಕು. ಆದರೆ ಮಾಸ್ಟರ್ ಲ್ಯಾಚ್ ಓದಿ, ಅಳಿಸಲು ಬರೆಯುವಷ್ಟರಲ್ಲಿ ಇನ್ನೊಂದು ಟ್ರಿಪ್ ಬಂದರೆ ಅದೂ ಜೊತೆಗೇ ಅಳಿಸಿಹೋಗುತ್ತದೆ. ಕೌಂಟರನ್ನು ಯಾರೂ ಅಳಿಸಬೇಕಿಲ್ಲ; ಹಿಂದಿನ ಸಲಕ್ಕಿಂತ ಎಷ್ಟು ಏರಿದೆ ನೋಡಿದರಾಯಿತು. 16 ಬಿಟ್‌ನದಾದರೆ 65535 ಆದ ಮೇಲೆ 0ಗೆ ಮರಳುತ್ತದೆ, ಕಳೆಯುವಾಗ ನೆನಪಿರಲಿ. ಕರೆಂಟು ಹೋಗಿ ಬಂದರೆ ಎಣಿಕೆ ಉಳಿಯುತ್ತದೋ ಇಲ್ಲವೋ ಎಂಬುದು ಆಯಾ ಡಿವೈಸ್‌ಗೆ ಬಿಟ್ಟದ್ದು, ಮ್ಯಾನುಯಲ್ ನೋಡಿಕೊಳ್ಳಿ. ಮಾಡ್‌ಬಸ್ ಬದಲು ಡಿಎನ್‌ಪಿ3 ಎಂಬ ಇನ್ನೊಂದು ಭಾಷೆ ಆದರೆ ಬದಲಾವಣೆಗಳನ್ನು ಸಮಯದ ಸಮೇತ ಡಿವೈಸೇ ಕೂಡಿಟ್ಟು ಕೊಡಬಲ್ಲದು, ಹಾಗೆ ಸೆಟ್ ಮಾಡಿದ್ದರೆ ಮಾತ್ರ. ತುರ್ತು ನಿಲುಗಡೆಯನ್ನಂತೂ ಇಂಥ ಬಿಟ್‌ಗಳಿಗೆ ಗಂಟುಹಾಕಲೇಬೇಡಿ, ಅದರ ದಾರಿ ಬೇರೆ.

ಫೋನು ಮಾಡುವ ಮೊದಲು ಎರಡು ಸಂಖ್ಯೆ ಹುಡುಕಿಟ್ಟುಕೊಂಡಿರಿ: ಬಿಟ್ ಎಷ್ಟು ಹೊತ್ತು 1 ಇರುತ್ತದೆ, ಮಾಸ್ಟರ್ ಎಷ್ಟು ಹೊತ್ತಿಗೊಮ್ಮೆ ಕೇಳುತ್ತದೆ. ಡಿವೈಸ್ ಬಿಚ್ಚುವುದು ಆಮೇಲೆ.