ನ್ಯೂಸ್ ಓದ್ಕೊಂಡು ಇಂಗ್ಲಿಷ್ ಕಲಿಯೋದು ಚೈನೀಸ್ ಮಾತಾಡೋರಿಗೆ ವರ್ಕ್ ಆಗುತ್ತಾ?

ಓದುಗರ ಪ್ರಶ್ನೆ: ಸಿಂಗಾಪುರದಲ್ಲಿ ಕೆಲಸ ಮಾಡ್ತಿದೀನಿ, ನಮ್ಮ ಟೀಮಲ್ಲಿ ಚೀನಾದಿಂದ ಬಂದಿರೋರು ಒಬ್ರಿದಾರೆ. ಗ್ರಾಮರ್ ನನಗಿಂತ ಚೆನ್ನಾಗಿದೆ, ಆದ್ರೆ ಮೀಟಿಂಗಲ್ಲಿ ಯಾರಾದ್ರೂ ಇಡಿಯಂ (ನುಡಿಗಟ್ಟು) ಬಿಟ್ರೆ ಮುಖ ಮುಖ ನೋಡ್ತಾರೆ. ದಿನಾ ಇಂಗ್ಲಿಷ್ ನ್ಯೂಸ್ ಓದಿದ್ರೆ ಸರಿಹೋಗುತ್ತಾ?

ಸರಿಹೋಗುತ್ತೆ. ಆದ್ರೆ ದಿನಕ್ಕೊಂದು ಹೊಸ ಸುದ್ದಿ ಓದಿ ಅಲ್ಲ, ಒಂದೇ ಸುದ್ದೀನ ವಾರಗಟ್ಲೆ ಬೆನ್ನು ಹತ್ತಿ ಓದಿದ್ರೆ.

ಅವರು ಕಲ್ತಿರೋ ರೀತಿ ನೋಡಿ ಮೊದ್ಲು. ಚೀನಾದಲ್ಲಿ ಡಿಗ್ರಿ ಹುಡುಗ್ರು ಸಿಇಟಿ-4 ಅಂತ ಬರೀತಾರೆ (ನಮ್ಮ ಸಿಇಟಿ ಅಲ್ಲ ಕಣ್ರೀ, ಅದು ಕಾಲೇಜ್ ಇಂಗ್ಲಿಷ್ ಟೆಸ್ಟ್, 1987ರಿಂದ ನಡೀತಿದೆ). ಅದಕ್ಕೆ ಎ ಇಂದ ಝಡ್ ತನಕ ಪದಗಳ ಪಟ್ಟಿ ಉರು ಹೊಡೀತಾರೆ, ಆ ಪುಸ್ತಕಗಳಲ್ಲಿ ಶುರುವಲ್ಲೇ ಸಿಗೋ ಪದ ಅಬ್ಯಾಂಡನ್, ಅಂದ್ರೆ ಕೈಬಿಡು, ಅಲ್ಲಿಗೇ ಕೈಬಿಟ್ವಿ ಅಂತ ಅಲ್ಲಿನ ಸ್ಟೂಡೆಂಟ್ಸ್ ತಮ್ಮನ್ನ ತಾವೇ ಆಡ್ಕೊಂಡು ನಗ್ತಾರೆ. 2016ರ ಜೂನ್‌ನಿಂದ ಆ ಪರೀಕ್ಷೆ ಲಿಸನಿಂಗಲ್ಲಿ ಸಣ್ಣ ಸಣ್ಣ ನ್ಯೂಸ್ ರಿಪೋರ್ಟನ್ನೂ ಸೇರಿಸಿದ್ರು. ಅದಕ್ಕೂ ಮುಂಚೆ ಅಮೆರಿಕ ಸರ್ಕಾರದ ರೇಡಿಯೋ ವಾಯ್ಸ್ ಆಫ್ ಅಮೆರಿಕದ ಸ್ಪೆಷಲ್ ಇಂಗ್ಲಿಷ್ ಇತ್ತು, 1959ರಲ್ಲಿ ಶುರುವಾಗಿದ್ದು, ಸುಮಾರು 1500 ಪದಗಳಲ್ಲೇ ನಿಧಾನಕ್ಕೆ ನ್ಯೂಸ್ ಓದೋರು, ರೇಡಿಯೋ ಕಿವಿಗಿಟ್ಕೊಂಡು ಅದ್ರಲ್ಲೇ ಇಂಗ್ಲಿಷ್ ಕಲ್ತೋರು ಚೀನಾದಲ್ಲಿ ತುಂಬಾ ಜನ ಇದಾರೆ.

ಈಗ ಇಡಿಯಂ ವಿಷಯಕ್ಕೆ ಬರೋಣ. ಇದ್ರಲ್ಲಿ ಅವರು ಅಂದ್ಕೊಂಡಿರೋದಕ್ಕಿಂತ ಅರ್ಧ ಕೆಲಸ ಆಗ್ಲೇ ಮುಗ್ದಿದೆ. ಡಾರ್ಕ್ ಹಾರ್ಸ್ (ಯಾರೂ ಅಂದ್ಕೊಳ್ಳದೆ ಗೆಲ್ಲೋರು) ಚೈನೀಸಲ್ಲೂ ಹೇ ಮಾ, ಕಪ್ಪು ಕುದುರೆನೇ. ಟಿಪ್ ಆಫ್ ದ ಐಸ್‌ಬರ್ಗ್ (ಕಾಣೋದು ಸ್ವಲ್ಪ, ಒಳಗಿರೋದು ಜಾಸ್ತಿ) ಇದೆ, ಮೊಸಳೆ ಕಣ್ಣೀರಿದೆ, ಒಂಟೆ ಬೆನ್ನು ಮುರಿಯೋ ಕೊನೇ ಹುಲ್ಲುಕಡ್ಡಿನೂ ಇದೆ. ಹಾಟ್ ಪೊಟ್ಯಾಟೋ (ಯಾರೂ ಕೈ ಹಾಕೋಕೆ ಇಷ್ಟಪಡದ ವಿಷಯ) ಅಲ್ಲಿ ಕೈ ಸುಡೋ ಗೆಣಸಾಗಿದೆ ಅಷ್ಟೆ. ಉಲ್ಟಾ ದಿಕ್ಕಿಗೆ, ಚೈನೀಸಿಂದ ಇಂಗ್ಲಿಷಿಗೆ ಹೋಗಿರೋವೂ ಇವೆ, ಪೇಪರ್ ಟೈಗರ್ (ನೋಡೋಕೆ ಮಾತ್ರ ಭಯಂಕರ, ಒಳಗೆ ಬಲ ಇಲ್ಲ) ಅನ್ನೋದು ಇಂಗ್ಲಿಷ್ ನ್ಯೂಸಲ್ಲಿ ಅಷ್ಟು ಓಡಾಡೋದಕ್ಕೆ 1946ರಲ್ಲಿ ಚೀನಾದ ಕಮ್ಯುನಿಸ್ಟ್ ನಾಯಕ ಮಾವೋ ಅಮೆರಿಕದ ಪತ್ರಕರ್ತೆ ಅನ್ನಾ ಲೂಯಿಸ್ ಸ್ಟ್ರಾಂಗ್‌ಗೆ ಕೊಟ್ಟ ಸಂದರ್ಶನನೇ ಮುಖ್ಯ ಕಾರಣ.

ಎಡವೋದು ಅರ್ಧಂಬರ್ಧ ಹೋಲೋ ಕಡೆ. ಕೆಂಪು ಬಣ್ಣ ತಗೊಳ್ಳಿ. ಇಂಗ್ಲಿಷ್ ಬಿಸಿನೆಸ್ ನ್ಯೂಸಲ್ಲಿ ಇನ್ ದ ರೆಡ್ ಅಂದ್ರೆ ಲಾಸು, ಚೀನಾದಲ್ಲೂ ಬಜೆಟ್ ಕೊರತೆಗೆ ಕೆಂಪಕ್ಷರ ಅಂತಾನೇ ಹೇಳ್ತಾರೆ, ಸರಿ, ಆದ್ರೆ ಶಾಂಘೈ ಷೇರು ಮಾರ್ಕೆಟ್ ಸ್ಕ್ರೀನಲ್ಲಿ ಕೆಂಪು ಅಂದ್ರೆ ಏರಿಕೆ, ಹಸಿರು ಅಂದ್ರೆ ಇಳಿಕೆ, ಹಂಗಾಗಿ ಮಾರ್ಕೆಟ್ ಸುದ್ದೀಲಿ ರೆಡ್ ಅಂತ ಓದಿದ ತಕ್ಷಣ ತಲೆ ಒಂದ್ಸಲ ಉಲ್ಟಾ ಹೊಡೆಯುತ್ತೆ. ಚೈನೀಸಲ್ಲಿ ಕಣ್ಣು ಕೆಂಪಾದ್ರೆ ಹೊಟ್ಟೆಕಿಚ್ಚು, ಇಂಗ್ಲಿಷಲ್ಲಿ ಸೀಯಿಂಗ್ ರೆಡ್ ಅಂದ್ರೆ ಸಿಟ್ಟು. ಇಂಥವನ್ನ ಪಟ್ಟಿ ಮಾಡಿ ಕಲಿಯೋಕಾಗಲ್ಲ, ಸುದ್ದಿ ಒಳಗೆ ಯಾರಿಗೆ ಏನಾಯ್ತು ಅಂತ ಗೊತ್ತಿದ್ದಾಗ್ಲೇ ಅರ್ಥ ಕೂರೋದು.

ಒಂದೇ ಸುದ್ದಿ ಹಿಡೀರಿ ಅಂದಿದ್ದು ಇದಕ್ಕೇ. ಅಮೆರಿಕದ ಬಜೆಟ್ ಜಗಳ ಬಂದಾಗೆಲ್ಲ ಶಟ್‌ಡೌನ್ (ಸರ್ಕಾರಿ ಕೆಲಸ ಬಂದ್), ಸ್ಟಾಪ್‌ಗ್ಯಾಪ್ (ತಾತ್ಕಾಲಿಕ ಏರ್ಪಾಡು), ಇಲೆವೆಂತ್ ಅವರ್ (ಕೊನೇ ಗಳಿಗೆ), ಕಿಕ್ ದ ಕ್ಯಾನ್ ಡೌನ್ ದ ರೋಡ್ (ಸಮಸ್ಯೆನ ಮುಂದಕ್ಕೆ ತಳ್ಳೋದು) ಇವೇ ತಿರುಗಾ ಮುರುಗಾ ಬರ್ತವೆ. ನಾಲ್ಕನೇ ದಿನಕ್ಕೆ ಡಿಕ್ಷನರಿ ಬೇಕಾಗಲ್ಲ.

ಹೆಡ್‌ಲೈನ್ ಮಾತ್ರ ಕೊನೆಗಿಟ್ಕೊಳ್ಳಕ್ಕೆ ಹೇಳಿ. ಚೈನೀಸಲ್ಲಿ ಕ್ರಿಯಾಪದ ಕಾಲಕ್ಕೆ ತಕ್ಕಂಗೆ ರೂಪ ಬದಲಿಸಲ್ಲ, ಎ, ದ ಥರದ್ದೂ ಇಲ್ಲ, ಅವನ್ನೆಲ್ಲ ಕಷ್ಟಪಟ್ಟು ಕಲ್ತು ಬಂದ್ರೆ ಹೆಡ್‌ಲೈನಲ್ಲಿ ಎ, ದ ಎರಡೂ ಮಾಯ, ನಿನ್ನೆ ಆಗಿದ್ದನ್ನ ವರ್ತಮಾನದಲ್ಲಿ ಬರೆದಿರ್ತಾರೆ, ನಾಳೆ ಆಗೋದಕ್ಕೆ ಬರೀ ಟು ಹಾಕಿರ್ತಾರೆ. ಜೊತೆಗೆ ಸ್ಲ್ಯಾಮ್ (ಕಟುವಾಗಿ ಟೀಕಿಸು), ಪ್ರೋಬ್ (ತನಿಖೆ), ಆಕ್ಸ್ (ಕಿತ್ತು ಹಾಕು) ಥರ ಗಿಡ್ಡ ಪದಗಳು, ಅವನ್ನ ಕಲ್ತು ಮ್ಯಾನೇಜರ್‌ಗೆ ಮೇಲ್ ಬರೆದ್ರೆ ಜಗಳಕ್ಕೆ ಬಂದಂಗಿರುತ್ತೆ!

ಇನ್ನೊಂದು ಅಭ್ಯಾಸ ಬಿಡಿಸ್ಬೇಕು. ಚೈನೀಸಲ್ಲಿ ಛೆಂಗ್‌ಯು ಅಂತಿವೆ, ಹೆಚ್ಚಾಗಿ ನಾಲ್ಕಕ್ಷರದ ನುಡಿಗಟ್ಟು, ಎಷ್ಟೋ ಹಳೇ ಕಥೆಗಳಿಂದ ಬಂದಿರೋವು, ಹದವಾಗಿ ಬಳಸಿದ್ರೆ ಓದಿರೋ ಮನುಷ್ಯ ಅಂತ ಮರ್ಯಾದೆ. ಆ ಲೆಕ್ಕದಲ್ಲೇ ಇಂಗ್ಲಿಷ್ ಪ್ರಬಂಧಕ್ಕೂ ಎವ್ರಿ ಕಾಯಿನ್ ಹ್ಯಾಸ್ ಟೂ ಸೈಡ್ಸ್, ಡಬಲ್ ಎಡ್ಜ್ಡ್ ಸ್ವೋರ್ಡ್ ಅಂತ ತುರುಕ್ತಾರೆ, ಇಂಗ್ಲಿಷಲ್ಲಿ ಅದು ಸವಕಲು ಅನ್ನಿಸ್ಕೊಳ್ಳುತ್ತೆ. ಕೇಳಿದಾಗ ಅರ್ಥ ಆದ್ರೆ ಸಾಕು, ಬಳಸೋ ಅರ್ಜೆಂಟ್ ಏನಿಲ್ಲ.

ನಿಮ್ಮ ಕಲೀಗ್ ಸಿಂಗಾಪುರದಲ್ಲಿರೋದು ದೊಡ್ಡ ಅನುಕೂಲ. ಅಲ್ಲಿ 1983ರಿಂದ ಲಿಯಾನ್ಹೆ ಝಾವೊಬಾವೊ ಅನ್ನೋ ಚೈನೀಸ್ ಪೇಪರ್ ಬರ್ತಿದೆ, ಚೀನಾದಲ್ಲಿ ನಡೆಯೋ ಸರಳ ಲಿಪೀಲೇ ಇರುತ್ತೆ. ಬಸ್ ದರ, ಮನೆ ಬೆಲೆ ಥರ ಲೋಕಲ್ ಸುದ್ದೀನ ಮೊದ್ಲು ಅದ್ರಲ್ಲಿ ಓದ್ಲಿ, ಆಮೇಲೆ ಅದೇ ಸುದ್ದೀನ ಅಲ್ಲಿನ ಇಂಗ್ಲಿಷ್ ಪೇಪರ್ ಸ್ಟ್ರೈಟ್ಸ್ ಟೈಮ್ಸಲ್ಲಿ ಎರಡನೇ ಪ್ಯಾರಾದಿಂದ ಓದ್ಲಿ, ಗೊತ್ತಿಲ್ಲದ ನುಡಿಗಟ್ಟು ಸಿಕ್ರೆ ಇಡೀ ವಾಕ್ಯನೇ ಬರ್ಕೊಳ್ಳಲಿ. ಮರುದಿನ ಊಟದ ಟೈಮಲ್ಲಿ ಆ ಸುದ್ದಿ ನಿಮಗೆ ಹೇಳ್ಲಿ, ಬಸ್ ದರದ ಬಗ್ಗೆ ಆದ್ರೆ ನೀವೂ ಹೇಗೂ ಬೈತೀರಲ್ಲ.