ಬಾಲ ಹೋಗುತ್ತದೆ, ಮೀನು ಬರುವುದಿಲ್ಲ: ಜಿಗ್ ಬಣ್ಣದ ಪ್ರಶ್ನೆ

ಪ್ರಶ್ನೆ: ಬ್ಲೂಗಿಲ್, ಕ್ರ್ಯಾಪಿ ಎಂಬ ಸಿಹಿನೀರಿನ ಮೀನುಗಳನ್ನು ಗಾಳ ಹಾಕಿ ಹಿಡಿಯಲು ಹತ್ತಾರು ಬಣ್ಣದ ಸಾಫ್ಟ್ ಪ್ಲಾಸ್ಟಿಕ್ ಹುಳುಗಳನ್ನು ಕೊಂಡಿದ್ದೇನೆ. ಟಕ್ ಎಂದು ಕಚ್ಚಿದ್ದು ಕೈಗೆ ತಿಳಿಯುತ್ತದೆ, ಎಳೆದರೆ ಬಾಲ ಕಳೆದುಕೊಂಡ ಹುಳು ಮಾತ್ರ ಬರುತ್ತದೆ. ಯಾವ ಬಣ್ಣ ಹಾಕಬೇಕು?

ಬಣ್ಣದ ಮಾತು ಆಮೇಲೆ ನೋಡೋಣ. ಹತ್ತಾರು ಬಣ್ಣ ಎಂದಿರಿ, ಹುಳು ಸಿಕ್ಕಿಸುವ ಜಿಗ್‌ನ (ಲೋಹದ ಗುಂಡಿನ ತಲೆಯಿರುವ ಕೊಕ್ಕೆಯ) ತೂಕ ಎಷ್ಟೆಂದು ಬರೆದೇ ಇಲ್ಲ. ತೊಡಕಿರುವುದು ಅಲ್ಲೇ ಎಂದು ನನ್ನ ಗುಮಾನಿ.

ಬ್ಲೂಗಿಲ್ ತಿನ್ನುವ ರೀತಿಯನ್ನು ನೋಡಿ. ಅದು ಕಚ್ಚಿ ಹರಿದು ತಿನ್ನುವ ಮೀನಲ್ಲ. ಪುಟ್ಟ ಬಾಯನ್ನು ಫಕ್ಕನೆ ತೆರೆದು, ನೀರಿನೊಡನೆ ಆಹಾರವನ್ನೂ ಒಳಗೆ ಹೀರಿಕೊಳ್ಳುತ್ತದೆ. ಹುಳದ ಬಾಲ ಮೆತ್ತಗೆ, ಹಗುರ, ಹೀರಿದೊಡನೆ ಒಳಗೆ ಹೋಗುತ್ತದೆ. ತಲೆಯ ಕಡೆಯ ಲೋಹದ ಗುಂಡು ಭಾರವಾಗಿದ್ದರೆ ಅದು ಬಾಯಿಯ ಹೊರಗೇ ಉಳಿಯುತ್ತದೆ, ಅದರ ಜೊತೆಗೆ ಕೊಕ್ಕೆಯೂ. ನಿಮ್ಮ ಕೈಗೆ ತಿಳಿದ ಆ ಟಕ್ ಬಾಲದ ಮೇಲಾದ ದಾಳಿ. ನೀವು ಎಳೆಯುವ ಹೊತ್ತಿಗೆ ಮೀನಿನ ಬಾಯಲ್ಲಿ ಕೊಕ್ಕೆ ಇರುವುದೇ ಇಲ್ಲ.

ಆದ್ದರಿಂದ ಬ್ಲೂಗಿಲ್‌ಗೆ 1/64 ಅಥವಾ 1/32 ಔನ್ಸ್, ಅಂದರೆ ಸುಮಾರು ಅರ್ಧ ಗ್ರಾಮಿನಿಂದ ಒಂದು ಗ್ರಾಮಿನೊಳಗಿನ ಜಿಗ್ ಸಾಕು. ಕೊಕ್ಕೆ 8 ಅಥವಾ 10ನೇ ನಂಬರಿನದು ಇರಲಿ (ಇಲ್ಲಿ ನಂಬರು ಏರಿದಂತೆ ಕೊಕ್ಕೆ ಚಿಕ್ಕದಾಗುತ್ತದೆ, ಅಂಗಡಿಯಲ್ಲಿ ಎಡವುವವರು ಬಹಳ). ಹುಳು ಒಂದು ಇಂಚಿನ ಆಸುಪಾಸು. ಕ್ರ್ಯಾಪಿಯ ಬಾಯಿ ದೊಡ್ಡದು, ಅದಕ್ಕೆ 1/32ರಿಂದ 1/16 ಔನ್ಸ್, ಒಂದೂವರೆಯಿಂದ ಎರಡು ಇಂಚಿನ ಹುಳು ನಡೆಯುತ್ತದೆ. ಆಳ ಹೆಚ್ಚಿದ್ದರೆ, ಗಾಳಿ ಜೋರಾಗಿದ್ದರೆ ತೂಕವನ್ನು ಒಂದು ಮೆಟ್ಟಿಲು ಏರಿಸಬಹುದು. ಹಗುರವಾದ ಜಿಗ್‌ಗೆ ದಪ್ಪ ದಾರ ಕಟ್ಟಿದರೆ ಕೆಲಸ ಕೆಟ್ಟಿತು: ದಾರದ ಸುರುಳಿಯೇ ಬಿಚ್ಚಿಕೊಳ್ಳುವುದಿಲ್ಲ, ಎಸೆದದ್ದು ದೂರ ಹೋಗುವುದಿಲ್ಲ. ನಾಲ್ಕು ಪೌಂಡು ಭಾರ ತಾಳುವ ದಾರ ಈ ಮೀನುಗಳಿಗೆ ಧಾರಾಳ.

ಹಗುರ ಜಿಗ್‌ನ ಇನ್ನೊಂದು ಲಾಭ ಅದರ ಇಳಿಕೆಯ ನಿಧಾನ. ಮೀನಿನ ಕಣ್ಣೆದುರು ಹುಳು ತೇಲುತ್ತಾ ಇಳಿಯಬೇಕು, ಕಲ್ಲಿನಂತೆ ಮುಳುಗಬಾರದು. ಈ ಹೊಯ್ದಾಟಕ್ಕೆ ನಾನು ಕೊಡುವ ಬೆಲೆಯನ್ನು ಯಾವ ಬಣ್ಣಕ್ಕೂ ಕೊಡುವುದಿಲ್ಲ.

ಹುಳುವನ್ನು ಕೊಕ್ಕೆಗೆ ಏರಿಸುವುದರಲ್ಲಿ ಅವಸರ ಬೇಡ. ಮೊದಲು ಹುಳುವಿನ ಪಕ್ಕದಲ್ಲಿ ಕೊಕ್ಕೆಯನ್ನು ಹಿಡಿದು ಅಳೆಯಿರಿ, ಬಾಗು ಎಲ್ಲಿಗೆ ಬರುತ್ತದೋ ಅಲ್ಲಿ ಉಗುರಿನಿಂದ ಒಂದು ಗುರುತು ಮಾಡಿ. ಹುಳುವಿನ ತಲೆಯ ನಟ್ಟನಡುವೆ ಮೊನೆ ಚುಚ್ಚಿ, ಕಾಲುಚೀಲ ಏರಿಸಿದಂತೆ ಹುಳುವನ್ನು ಮೆಲ್ಲಗೆ ದೂಡುತ್ತಾ, ಗುರುತಿನ ಜಾಗದಲ್ಲೇ ಮೊನೆಯನ್ನು ಹೊರತೆಗೆಯಿರಿ. ಹುಳುವಿನ ಮೇಲೆ ಅಚ್ಚಿನ ಗೆರೆ ಕಾಣುತ್ತಿದ್ದರೆ ಅದನ್ನೇ ದಾರಿಯಾಗಿ ಹಿಡಿಯಬಹುದು. ಒಂದು ಎಳೆಯಷ್ಟು ಸೊಟ್ಟಗಾದರೂ ಹುಳು ನೀರಿನಲ್ಲಿ ಗಿರಗಿರನೆ ತಿರುಗುತ್ತದೆ, ದಾರ ಹುರಿಗೊಳ್ಳುತ್ತದೆ, ಮೀನು ಹತ್ತಿರ ಬಂದು ನೋಡಿ ಹಿಂದಿರುಗುತ್ತದೆ. ಸೊಟ್ಟ ಕಂಡರೆ ತೆಗೆದು ಮತ್ತೆ ಏರಿಸಿ. ಆಮೇಲೂ ಬಾಲವೇ ಹೋಗುತ್ತಿದ್ದರೆ, ಹುಳುವಿನ ತಲೆಯ ಕಡೆಯಿಂದ ಕಾಲಿಂಚು ಕತ್ತರಿಸಿ ಏರಿಸಿ. ಬಾಲ ಮೊನೆಯ ಸಮೀಪಕ್ಕೆ ಬರುತ್ತದೆ.

ಜಿಗ್‌ನ ಕಣ್ಣು (ದಾರ ಕಟ್ಟುವ ಉಂಗುರ) ಮೇಲ್ಮುಖವಾಗಿದ್ದರೆ ಗಂಟು ಅದರ ನೆತ್ತಿಯ ಮೇಲೆ ಕೂತಿರಬೇಕು. ಆಗ ಹುಳು ನೀರಿನಲ್ಲಿ ಮಟ್ಟವಾಗಿ, ಮರಿಮೀನಿನಂತೆ ತೂಗುತ್ತದೆ. ಎಸೆದು ಎಳೆಯುವಾಗ ಗಂಟು ಮುಂದಕ್ಕೆ ಜಾರಿ, ಹುಳು ಬಾಲ ಕೆಳಗಾಗಿ ಜೋತು ಬೀಳುತ್ತದೆ. ಪ್ರತಿ ಮೀನಿನ ನಂತರ ಗಂಟನ್ನು ಬೆರಳಿನಿಂದ ಸ್ವಸ್ಥಾನಕ್ಕೆ ತಳ್ಳಿ.

ಬಳಸುವ ರೀತಿ ಸರಳ: ದಾರಕ್ಕೆ ಕಟ್ಟಿ ನೀರಿನ ಮೇಲೆ ತೇಲಿಬಿಡುವ ಬೆಂಡಿನ ಕೆಳಗೆ ತೂಗುಬಿಡಿ, ಆಗೊಮ್ಮೆ ಈಗೊಮ್ಮೆ ಅಲುಗಿಸಿ, ಮಿಕ್ಕ ಹೊತ್ತು ಸುಮ್ಮನಿರಿ. ಕ್ರ್ಯಾಪಿಗಾದರೆ ಜಿಗ್ ಮೀನಿಗಿಂತ ತುಸು ಮೇಲಿರಲಿ. ಅದು ಮೇಲಕ್ಕೆ ನೋಡಿ ತಿನ್ನುತ್ತದೆ, ಎಷ್ಟೋ ಸಲ ಜಿಗ್ ಕಚ್ಚಿಕೊಂಡೇ ಮೇಲೇರುತ್ತದೆ. ಆಗ ಬೆಂಡು ಮುಳುಗುವುದಿಲ್ಲ, ಭಾರ ಕಳೆದುಕೊಂಡು ಮಗ್ಗುಲಾಗಿ ಮಲಗುತ್ತದೆ. ಬೆಂಡು ಮುಳುಗಲೆಂದೇ ಕಾದು ನಾನು ಕಳೆದುಕೊಂಡ ಮೀನುಗಳಿಗೆ ಲೆಕ್ಕವಿಲ್ಲ. ಮಲಗಿದ ಬೆಂಡು ಕಂಡರೆ ಸಡಿಲ ದಾರ ಸುತ್ತಿ, ಕೋಲನ್ನು ನಯವಾಗಿ ಎತ್ತಿ. ಜಗ್ಗಬೇಡಿ. ಕ್ರ್ಯಾಪಿಯ ಬಾಯಿಯ ಚರ್ಮ ಬಲು ತೆಳು, ಅಮೆರಿಕದ ಗಾಳಗಾರರು ಅದನ್ನು ‘ಪೇಪರ್‌ಮೌತ್’ ಎಂದು ಕರೆಯುವುದು ಸುಮ್ಮನೆ ಅಲ್ಲ.

ಜಿಗ್ ಕೊಳ್ಳುವ ಮೊದಲು ನಿಮ್ಮ ರಾಜ್ಯದ ನಿಯಮ ಓದಿಕೊಳ್ಳಿ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿ ಒಂದು ಔನ್ಸ್ ಮತ್ತು ಅದಕ್ಕಿಂತ ಕಡಿಮೆ ತೂಕದ ಸೀಸದ ಜಿಗ್‌ಗಳಿಗೆ ನಿಷೇಧವಿದೆ, ಅಂದರೆ ನಮಗೆ ಬೇಕಾದ ಸೀಸದ ಜಿಗ್‌ಗಳೆಲ್ಲ ಅದರಲ್ಲಿ ಬಂದವು. ಲೂನ್ ಎಂಬ ನೀರುಹಕ್ಕಿ ಅವುಗಳನ್ನು ನುಂಗಿ ಸೀಸದ ವಿಷಕ್ಕೆ ಸಾಯುತ್ತದೆ. ಟಂಗ್‌ಸ್ಟನ್ ಜಿಗ್ ದುಬಾರಿಯಾದರೂ ಸೀಸಕ್ಕಿಂತ ಸಾಂದ್ರ, ಅಷ್ಟೇ ತೂಕ ಚಿಕ್ಕ ಗುಂಡಿನಲ್ಲಿ ಸಿಗುತ್ತದೆ. ಹಿಮಗಟ್ಟಿದ ಕೆರೆಯ ರಂಧ್ರದಿಂದ ಆಳಕ್ಕೆ ಇಳಿಬಿಡುವವರಿಗೆ ಅದೇ ಮೆಚ್ಚು.

ಇನ್ನು ಬಣ್ಣ. ತಿಳಿನೀರಿಗೆ ಅರೆಪಾರದರ್ಶಕವಾದ ಮಂಕು ಬಣ್ಣ, ಕದಡಿದ ನೀರಿಗೆ ಹಸಿರು ಮಿಶ್ರಿತ ಹಳದಿ ಅಥವಾ ಕಪ್ಪು. ಈ ಮೂರು ಇದ್ದರೆ ನನಗೆ ದಿನ ಕಳೆಯುತ್ತದೆ. ಕೊಂಡ ಮಿಕ್ಕ ಬಣ್ಣಗಳನ್ನು ಒಂದೇ ಡಬ್ಬಿಗೆ ಸುರಿಯಬೇಡಿ. ಪಿವಿಸಿ ಹುಳುಗಳನ್ನು ಮೆತ್ತಗಾಗಿಸುವ ಎಣ್ಣೆಯಂಥ ಪದಾರ್ಥ ಬೇರೆ ಬಗೆಯ ಪ್ಲಾಸ್ಟಿಕ್ ಹುಳುಗಳನ್ನು ಕರಗಿಸುತ್ತದೆ, ಕೆಲವು ಡಬ್ಬಿಗಳನ್ನೂ ಬಿಡುವುದಿಲ್ಲ. ಒಂದು ಬೇಸಿಗೆಯಲ್ಲಿ ಕಾರಿನೊಳಗೆ ಮರೆತುಬಿಟ್ಟ ನನ್ನ ಡಬ್ಬಿಯನ್ನು ತೆರೆದಾಗ ಒಳಗೆ ಹುಳುಗಳಿರಲಿಲ್ಲ, ಐದಾರು ಬಣ್ಣಗಳು ಕಲೆಸಿದ ಒಂದು ಅಂಟುಮುದ್ದೆ ಇತ್ತು. ಈಗ ಎಲ್ಲವೂ ಕೊಂಡ ಪೊಟ್ಟಣದಲ್ಲೇ ಇರುತ್ತವೆ.