ಕೈಗೆ ಒಂದೇ, ಮಣ್ಣಿಗೆ ಬೇರೆ: ಆರ್‌ಸಿ ಬಗ್ಗಿಯ ಶಾಕ್ ಹೊಂದಿಸುವ ಟಿಪ್ಪಣಿ

ಆರ್‌ಸಿ ಬಗ್ಗಿ ಅಂದರೆ ರಿಮೋಟ್ ಹಿಡಿದು ಮಣ್ಣಿನ ಟ್ರ್ಯಾಕ್‌ನಲ್ಲಿ ಓಡಿಸುವ ಪುಟ್ಟ ಕಾರು. ಅದರ ಎರಡು ಶಾಕ್ (ಕುಲುಕು ತಡೆಯುವ ಶಾಕ್ ಅಬ್ಸಾರ್ಬರ್) ತೆಗೆದುಕೊಳ್ಳಿ. ಒಂದರಲ್ಲಿ ಸಣ್ಣ ತೂತಿನ ಪಿಸ್ಟನ್ (ರಾಡ್ ತುದಿಯಲ್ಲಿ, ಎಣ್ಣೆಯೊಳಗೆ ಓಡಾಡುವ ತೂತಿನ ಬಿಲ್ಲೆ), ತೆಳು ಎಣ್ಣೆ. ಇನ್ನೊಂದರಲ್ಲಿ ದೊಡ್ಡ ತೂತು, ಮಂದ ಎಣ್ಣೆ. ಬೆರಳಿನಿಂದ ನಿಧಾನವಾಗಿ ಒತ್ತಿ ನೋಡಿದರೆ ಎರಡೂ ಒಂದೇ ತರ ಅನಿಸಬಹುದು. ಟ್ರ್ಯಾಕಿಗೆ ಬಿಟ್ಟರೆ ಮಾತ್ರ ಎರಡು ಬೇರೆ ಬೇರೆ ಕಾರು. ಇದು ತಲೆಗೆ ಹೋಗುವವರೆಗೆ ನಾನು ಬರೀ ಎಣ್ಣೆ ಬದಲಾಯಿಸುತ್ತಾ ಕೂತಿದ್ದೆ. ಹಂಪಿನ ಮೇಲೆ ಹಿಂಬದಿ ಪುಟಿದರೂ ಎಣ್ಣೆ, ಜಂಪ್ ಇಳಿಯುವಾಗ ತಳ ನೆಲಕ್ಕೆ ಬಡಿದರೂ ಎಣ್ಣೆ. ಅದಕ್ಕೇ ಈ ಟಿಪ್ಪಣಿಯಲ್ಲಿ ಪಿಸ್ಟನ್‌ಗೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ಲೆಕ್ಕವೆಲ್ಲ 1/10 ಅಳತೆಯ, ಹಿಂದಿನ ಚಕ್ರ ಮಾತ್ರ ಎಳೆಯುವ ಬಗ್ಗಿಯದ್ದು. 1/8 ಬಗ್ಗಿಯ ಶಾಕ್ ಇನ್ನೂ ದಪ್ಪ, ಪಿಸ್ಟನ್ ತೂತುಗಳೂ ಜಾಸ್ತಿ. ಲೆಕ್ಕ ಮಾಡುವ ರೀತಿ ಇದೇ.

ಮೊದಲು ಯಾರ ಕೆಲಸ ಯಾವುದು ಅಂತ ಗೊತ್ತಿರಲಿ. ಸ್ಪ್ರಿಂಗ್ ಕಾರಿನ ಭಾರ ಹೊರುತ್ತದೆ. ಎಷ್ಟು ದೂರ ಒತ್ತಿದಿರಿ ಅನ್ನುವುದಷ್ಟೇ ಅದಕ್ಕೆ ಲೆಕ್ಕ. ಎಷ್ಟು ಬೇಗ ಒತ್ತಿದಿರಿ ಅನ್ನುವುದನ್ನು ನೋಡುವುದು ಎಣ್ಣೆ. ಕಾರು ಸುಮ್ನೆ ನಿಂತಿದ್ದರೆ ಎಣ್ಣೆಗೆ ಕೆಲಸವೇ ಇಲ್ಲ. ಎಣ್ಣೆ ಹಾಕದೆ ಓಡಿಸಿದರೆ ಕಾರು ತೊಟ್ಟಿಲ ಹಾಗೆ ತೂಗುತ್ತಲೇ ಇರುತ್ತದೆ. 1984ರಲ್ಲಿ ಬಂದ ಟೀಮ್ ಅಸೋಸಿಯೇಟೆಡ್ ಆರ್‌ಸಿ10 ಬಗ್ಗಿಯಲ್ಲೂ ಸ್ಪ್ರಿಂಗ್ ಹೊರಗೆ, ಎಣ್ಣೆ ಒಳಗೆ ಇರುವ ಶಾಕೇ ಇತ್ತು. ಇವತ್ತಿಗೂ ಜೋಡಣೆ ಅದೇ.

ಪಿಸ್ಟನ್: ಚಕ್ಕುಲಿ ಒರಳಿನ ಪಾಠ

ಚಕ್ಕುಲಿ ಒರಳಿನಲ್ಲಿ ಹಿಟ್ಟು ಒತ್ತಿದ್ದೀರಲ್ವಾ? ಚಕ್ಕುಲಿ ಬಿಲ್ಲೆ ತೆಗೆದು ಸಣ್ಣ ತೂತಿನ ಸೇವ್ ಬಿಲ್ಲೆ ಹಾಕಿದರೆ ಅದೇ ಹಿಟ್ಟಿಗೆ ಕೈ ನೋಯುತ್ತದೆ. ಶಾಕ್ ಒಳಗೆ ನಡೆಯುವುದೂ ಅದೇ. ಒಂದೇ ವ್ಯತ್ಯಾಸ, ಇಲ್ಲಿ ವೇಗ ಎರಡು ತರ.

ನಿಧಾನದ ಚಲನೆ ಅಂದರೆ ತಿರುವಿನಲ್ಲಿ ಕಾರು ಒಂದು ಬದಿಗೆ ವಾಲುವುದು, ಬ್ರೇಕ್ ಹಾಕಿದಾಗ ಮೂತಿ ಬಗ್ಗುವುದು. ಆಗ ಎಣ್ಣೆ ಎಷ್ಟು ಮಂದ ಅನ್ನುವುದೇ ದೊಡ್ಡದು. ತೂತಿನ ವ್ಯಾಸದ ನಾಲ್ಕನೇ ಘಾತ ತೆಗೆದು (ವ್ಯಾಸ × ವ್ಯಾಸ × ವ್ಯಾಸ × ವ್ಯಾಸ), ತೂತುಗಳ ಸಂಖ್ಯೆಯಿಂದ ಗುಣಿಸಿ. ಉತ್ತರ ದೊಡ್ಡದಾದಷ್ಟೂ ಎಣ್ಣೆ ಸಲೀಸಾಗಿ ಹರಿಯುತ್ತದೆ.

ವೇಗದ ಚಲನೆ ಅಂದರೆ ಗುಂಡಿಗೆ ಬೀಳುವುದು, ಜಂಪ್ ಇಳಿಯುವುದು. 12 ಮಿಮೀ ವ್ಯಾಸದ ಶಾಕ್‌ನ ಒಳಗಿನ ವಿಸ್ತೀರ್ಣ ಸುಮಾರು 113 ಚದರ ಮಿಮೀ. 1.7 ಮಿಮೀಯ ಎರಡು ತೂತುಗಳ ವಿಸ್ತೀರ್ಣ ಬರೀ 4.5. ಅಂದರೆ ಪಿಸ್ಟನ್ ಹೋಗುವ ವೇಗಕ್ಕಿಂತ ಸುಮಾರು 25 ಪಟ್ಟು ವೇಗವಾಗಿ ಎಣ್ಣೆ ತೂತಿನೊಳಗೆ ನುಗ್ಗಬೇಕು. ಆಗ ಎಣ್ಣೆ ತೆಳುವೋ ಮಂದವೋ ಅನ್ನುವುದಕ್ಕಿಂತ ತೂತಿನ ವಿಸ್ತೀರ್ಣವೇ ಜಾಸ್ತಿ ಮಾತಾಡುತ್ತದೆ. ಕೆರೆಗೆ ಮೆಲ್ಲಗೆ ಇಳಿದರೆ ನೀರು ಮೆತ್ತಗೆ, ಹೊಟ್ಟೆ ಅಡಿಯಾಗಿ ಹಾರಿದರೆ ಅದೇ ನೀರು ಬಂಡೆ. ಶಾಕ್ ಹೀಗೆ ಇದ್ದಕ್ಕಿದ್ದಂತೆ ಬಿಗಿಯುವುದನ್ನು ರೇಸ್ ಮಾಡುವವರು ‘ಪ್ಯಾಕ್ ಆಗುವುದು’ ಅನ್ನುತ್ತಾರೆ.

ಈಗ ಒಂದು ನಿಜವಾದ ಬದಲಾವಣೆಯ ಲೆಕ್ಕ ನೋಡೋಣ. ಎರಡು ತೂತಿನ 1.6 ಮಿಮೀ ಪಿಸ್ಟನ್ ತೆಗೆದು 1.7 ಹಾಕಿದಿರಿ. ನಿಧಾನದ ಹರಿವು ಸುಮಾರು 27% ಜಾಸ್ತಿ ಆಗುತ್ತದೆ. ಮೊದಲಿನ ಕೈ ಅನುಭವ ಬೇಕಾದರೆ ಎಣ್ಣೆಯನ್ನೂ ಅಷ್ಟೇ ಮಂದ ಮಾಡಬೇಕು: 350 ಸಿಎಸ್‌ಟಿ (ಸೆಂಟಿಸ್ಟೋಕ್ಸ್, ಎಣ್ಣೆ ಎಷ್ಟು ಮಂದ ಅನ್ನುವುದರ ಅಳತೆ) ಇದ್ದದ್ದು ಸುಮಾರು 445. ಹಾಗೆ ಮಾಡಿದ ಮೇಲೂ ವೇಗದ ಬಿಗಿತ ಐದರಲ್ಲಿ ಒಂದು ಪಾಲಿನಷ್ಟು ಕಡಿಮೆಯೇ ಉಳಿಯುತ್ತದೆ. ಬೆರಳಿಗೆ ಗೊತ್ತಾಗದ ವ್ಯತ್ಯಾಸ ಇದೇ. (ಪಿಸ್ಟನ್ ಅಂಚಿನ ಸಂದಿಯಿಂದಲೂ ಒಂದಿಷ್ಟು ಎಣ್ಣೆ ಜಾರುತ್ತದೆ. ಹಾಗಾಗಿ ಈ ಅಂಕಿಗಳು ದಿಕ್ಕು ತೋರಿಸುವುದಕ್ಕಷ್ಟೇ.)

ಹಂಪು, ಗುಂಡಿ ಜಾಸ್ತಿ ಇರುವ ಒರಟು ಟ್ರ್ಯಾಕ್‌ಗೆ ದೊಡ್ಡ ತೂತು, ಮಂದ ಎಣ್ಣೆ. ನಯವಾದ ನೆಲ, ದೊಡ್ಡ ಜಂಪ್ ಇದ್ದರೆ ಸಣ್ಣ ತೂತು, ತೆಳು ಎಣ್ಣೆ. ಒರಟು ನೆಲದಲ್ಲಿ ಸಣ್ಣ ತೂತು ಹಾಕಿದರೆ ಚಕ್ರ ಗುಂಡಿಯನ್ನು ನುಂಗುವುದಿಲ್ಲ, ಇಡೀ ಕಾರನ್ನೇ ಎತ್ತಿ ಒಗೆಯುತ್ತದೆ.

ಬಾಟಲಿಯ ಮೇಲಿನ ಅಂಕಿ

ಎಣ್ಣೆಯ ಮಂದತನದ ಅಳತೆಗೆ ಕೆಲವರು ವೇಟ್ ಅನ್ನುತ್ತಾರೆ, ಕೆಲವರು ಸಿಎಸ್‌ಟಿ. ಅಸೋಸಿಯೇಟೆಡ್ ಎಣ್ಣೆಯಲ್ಲಿ 30 ವೇಟ್ ಅಂದರೆ 350 ಸಿಎಸ್‌ಟಿ, 35 ಅಂದರೆ 425, 40 ಅಂದರೆ 500. ಬೇರೆ ಕಂಪನಿಯ 30 ವೇಟ್ ಇಷ್ಟೇ ಇರಬೇಕು ಅಂತೇನಿಲ್ಲ. ಹಾಗಾಗಿ ಹೋಲಿಸುವಾಗ ಸಿಎಸ್‌ಟಿ ಮಾತ್ರ ನೋಡಿ. ಸ್ಪ್ರಿಂಗಿನ ಬಣ್ಣಕ್ಕೂ ಇದೇ ಮಾತು. ಒಬ್ಬರ ನೀಲಿ ಇನ್ನೊಬ್ಬರ ನೀಲಿಯಲ್ಲ.

ಬಿಸಿಲನ್ನು ಮರೆಯಬೇಡಿ. ಸಿಲಿಕಾನ್ ಎಣ್ಣೆ ಕೂಡ ಬಿಸಿಯಾದರೆ ತೆಳುವಾಗುತ್ತದೆ. ಹತ್ತು ಡಿಗ್ರಿ ಏರಿದರೆ ಹೆಚ್ಚುಕಡಿಮೆ ಐದಾರರಲ್ಲಿ ಒಂದು ಪಾಲು. ಬೆಂಗಳೂರಿನ ಏಪ್ರಿಲ್‌ನಲ್ಲಿ ಬೆಳಿಗ್ಗೆ ಎಂಟಕ್ಕೆ ಚೆನ್ನಾಗಿದ್ದ ಕಾರು ಮಧ್ಯಾಹ್ನ ಎರಡಕ್ಕೆ ಬಳುಕಿದರೆ ಓಡಿಸುವವರ ಕೈಯನ್ನು ಬೈಯಬೇಕಿಲ್ಲ. ಎಣ್ಣೆಯನ್ನು ಐದು ವೇಟ್ ಏರಿಸಿ ನೋಡಿ.

ತುಂಬುವ ಕೆಲಸ

ಇಲ್ಲಿ ತಾಳ್ಮೆ ಬೇಕು, ಬುದ್ಧಿ ಅಷ್ಟೇನೂ ಬೇಡ. ಎಣ್ಣೆ ಸುರಿದು ರಾಡನ್ನು ಮೆಲ್ಲಗೆ ಮೇಲೆ ಕೆಳಗೆ ಆಡಿಸಿ. ಗುಳ್ಳೆ ಬರುವುದು ನಿಲ್ಲುವವರೆಗೆ ನೆಟ್ಟಗೆ ನಿಲ್ಲಿಸಿ ಬಿಡಿ. ಕಾಫಿ ಕುಡಿದು ಬರುವಷ್ಟು ಹೊತ್ತು ಸಾಕು. ಆಮೇಲೆ ಮುಚ್ಚಳ ಹಾಕಿ, ಬ್ಲೀಡ್ ಸ್ಕ್ರೂ (ಹೆಚ್ಚಿನ ಎಣ್ಣೆ ಹೊರಬಿಡುವ ಸಣ್ಣ ಸ್ಕ್ರೂ) ತೆರೆದಿಟ್ಟು, ರಾಡನ್ನು ಒಳಗೆ ಒತ್ತಿ ಹೆಚ್ಚಿನ ಎಣ್ಣೆ ಹೊರಹಾಕಿ. ಎಷ್ಟು ಒಳಗಿರುವಾಗ ಸ್ಕ್ರೂ ಮುಚ್ಚುತ್ತೀರೋ ಅದರ ಮೇಲೆ ರೀಬೌಂಡ್, ಅಂದರೆ ಒತ್ತಿ ಬಿಟ್ಟ ರಾಡ್ ತಾನಾಗಿ ಎಷ್ಟು ಹೊರಬರುತ್ತದೆ ಅನ್ನುವುದು, ನಿಲ್ಲುತ್ತದೆ. ಪೂರ್ತಿ ಒಳಗಿದ್ದಾಗ ಮುಚ್ಚಿದರೆ ರಾಡ್ ತಾನಾಗಿ ಹೊರಗೆ ಬರುವುದು ಕಡಿಮೆ.

ಎಡ ಬಲ ಸಮ ಇದೆಯಾ ಅಂತ ನೋಡಲು ಸುಲಭದ ಉಪಾಯ ಇದೆ. ಸ್ಪ್ರಿಂಗ್ ತೆಗೆದು, ಎರಡು ಶಾಕ್‌ಗಳ ರಾಡ್ ತುದಿಗಳನ್ನು ಎದುರುಬದುರು ಇಟ್ಟು ಒತ್ತಿ. ಎರಡೂ ಒಂದೇ ವೇಗದಲ್ಲಿ ಒಳಗೆ ಹೋಗಬೇಕು. ಒಮ್ಮೆ ನನ್ನ ಕಾರು ಎಡಕ್ಕೆ ಚೆನ್ನಾಗಿ ತಿರುಗುತ್ತಿತ್ತು, ಬಲಕ್ಕೆ ಮೊಂಡು ಹಿಡಿಯುತ್ತಿತ್ತು. ಎರಡು ವಾರ ಟೈರನ್ನು ಅನುಮಾನಿಸಿದೆ. ಬಿಚ್ಚಿ ನೋಡಿದರೆ ಒಂದು ಕಡೆ 1.6, ಇನ್ನೊಂದು ಕಡೆ 1.7! ಹಾಕಿದ್ದು ನಾನೇ.

ಎತ್ತರ, ಕಾಲರ್, ತೂತಿನ ಜಾಗ

ಬ್ಯಾಟರಿ, ಬಾಡಿ ಎಲ್ಲ ಹಾಕಿ ಕಾರನ್ನು ಒಂದು ಗೇಣು ಎತ್ತರದಿಂದ ಬಿಡಿ. ಅದು ಕೂತ ಮೇಲೆ ತಳದಿಂದ ನೆಲಕ್ಕೆ ಎಷ್ಟಿದೆ ಅಳೆಯಿರಿ. 20ರಿಂದ 24 ಮಿಮೀ ಒಳಗೆ ಶುರು ಮಾಡಬಹುದು. ಕಡಿಮೆ ಇದ್ದರೆ ಕಾಲರ್ (ಸ್ಪ್ರಿಂಗಿನ ಮೇಲ್ತುದಿಯನ್ನು ಹಿಡಿಯುವ ಬಳೆ) ಕೆಳಗೆ ತಿರುಗಿಸಿ. ಬಹಳ ಜನ ಎಡವುವುದು ಇಲ್ಲೇ. ಕಾಲರ್ ತಿರುಗಿಸಿದರೆ ಸ್ಪ್ರಿಂಗ್ ಗಟ್ಟಿಯಾಗುವುದಿಲ್ಲ, ಕಾರಿನ ಎತ್ತರ ಮಾತ್ರ ಬದಲಾಗುತ್ತದೆ. ಗಟ್ಟಿ ಬೇಕಾದರೆ ಬೇರೆ ಸ್ಪ್ರಿಂಗ್ ಹಾಕಬೇಕು.

ಅಥವಾ ಶಾಕ್‌ನ ಕೆಳತುದಿಯನ್ನು ಆರ್ಮ್‌ನಲ್ಲಿ (ಚಕ್ರವನ್ನು ಹಿಡಿದ ತೋಳಿನಲ್ಲಿ) ಹೊರಗಿನ ತೂತಿಗೆ ಸರಿಸಬಹುದು. ಆರ್ಮ್ ಕೀಲಿನಿಂದ 50 ಮಿಮೀ ಇದ್ದದ್ದು 55 ಆದರೆ ದೂರ ಏರಿದ್ದು 10%. ಚಕ್ರಕ್ಕೆ ತಗಲುವ ಗಟ್ಟಿತನ ಮಾತ್ರ 21% ಏರುತ್ತದೆ, ಏಕೆಂದರೆ ಇಲ್ಲಿ ವರ್ಗದ ಲೆಕ್ಕ. ಸ್ಪ್ರಿಂಗ್, ಎಣ್ಣೆ ಎರಡಕ್ಕೂ ಅಷ್ಟೇ ಏರುತ್ತದೆ. ಹಾಗೆ ಸರಿಸಿದ ಮೇಲೆ ಎತ್ತರ ಮತ್ತೆ ಅಳೆಯಿರಿ. ಮೇಲೆ ಟವರ್‌ನಲ್ಲಿ (ಶಾಕ್‌ನ ಮೇಲ್ತುದಿ ಕೂರುವ ಪಟ್ಟಿಯಲ್ಲಿ) ಶಾಕನ್ನು ಒಳಕ್ಕೆ ವಾಲಿಸಿದರೆ ಶುರುವಿನಲ್ಲಿ ಮೆತ್ತಗೆ, ಒತ್ತಿದಂತೆಲ್ಲ ಗಟ್ಟಿ. ನೆಟ್ಟಗೆ ನಿಲ್ಲಿಸಿದರೆ ಮೊದಲಿನಿಂದಲೇ ಬಿಗಿ.

ನೋಟ್‌ಬುಕ್‌ನಿಂದ

ಒಂದು ಸಲಕ್ಕೆ ಒಂದೇ ಬದಲಾವಣೆ, ಐದಾರು ಸುತ್ತು, ಆಮೇಲೆ ಬರೆಯುವುದು. ಪಿಸ್ಟನ್ ಮತ್ತು ಅದಕ್ಕೆ ಹೊಂದುವ ಎಣ್ಣೆಯನ್ನು ಮಾತ್ರ ನಾನು ಒಂದೇ ಬದಲಾವಣೆ ಅಂತ ಲೆಕ್ಕ ಹಿಡಿಯುತ್ತೇನೆ.

ಹೋದ ಸಲದ ಸಾಲು ಹೀಗಿದೆ: “ಹಿಂದೆ 1.6, 30 ವೇಟ್ ತೆಗೆದು 1.7, 35 ವೇಟ್. ಸಾಲು ಹಂಪಿನಲ್ಲಿ ಹಿಂಬದಿ ನೆಟ್ಟಗೆ ಹೋಗುತ್ತಿದೆ. ದೊಡ್ಡ ಜಂಪ್‌ನಲ್ಲಿ ತಳ ಬಡಿಯುತ್ತಿದೆ. ಹಿಂದೆ ಎತ್ತರ 1 ಮಿಮೀ ಏರಿಸಿದೆ, ಸದ್ದು ಕಡಿಮೆ.”

ಮುಂದಿನ ಪ್ರಯೋಗ ಮೂರು ತೂತಿನ 1.4 ಪಿಸ್ಟನ್. ಒಟ್ಟು ವಿಸ್ತೀರ್ಣ ಎರಡು ತೂತಿನ 1.7ಕ್ಕೆ ಹೆಚ್ಚುಕಡಿಮೆ ಸಮ, ಅಂದರೆ ವೇಗದಲ್ಲಿ ಎರಡೂ ಒಂದೇ ತರ ಇರಬೇಕು. ಆದರೆ ನಿಧಾನದ ಹರಿವು ಮೂರನೇ ಒಂದು ಪಾಲು ಕಡಿಮೆಯಾಗುತ್ತದೆ. ಹಾಗಾದರೆ 35 ವೇಟ್ ಬದಲು ಯಾವ ಎಣ್ಣೆ ಹಾಕಬೇಕು? ಮೇಲಿನ ಲೆಕ್ಕದಂತೆ ನೀವೂ ಮಾಡಿ ನೋಡಿ. ನನಗೆ ಬಂದದ್ದು 293 ಸಿಎಸ್‌ಟಿ. ಕೈಯಲ್ಲಿರುವುದು 25 ವೇಟ್‌ನ 275, ಅದನ್ನೇ ಹಾಕುತ್ತೇನೆ.